ಮನೆಗೆ ಆಕ್ಸಿಜನ್ ಬೇಕೆಂದಾಗ: ವಿಮೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ?

ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ ಹಿರಿಯರನ್ನು ಮನೆಗೆ ಕಳುಹಿಸುವ ದಿನ ವೈದ್ಯರು ಹೇಳುವ ಒಂದು ಮಾತು ಅನೇಕ ಕುಟುಂಬಗಳನ್ನು ದಿಕ್ಕೆಡಿಸುತ್ತದೆ: "ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಳ್ಳಬೇಕು." ಆಸ್ಪತ್ರೆಯ ಬಿಲ್ಲನ್ನು ವಿಮಾ ಕಂಪನಿ ಕೊಟ್ಟಿದೆ, ಆದ್ದರಿಂದ ಯಂತ್ರದ ಹಣವನ್ನೂ ಕೊಡುತ್ತದೆ ಎಂದು ಮನೆಯವರು ನಂಬುತ್ತಾರೆ. ಸಾಲ ಮಾಡಿ ಯಂತ್ರ ಕೊಳ್ಳುತ್ತಾರೆ, ಬಿಲ್ ಕಳುಹಿಸುತ್ತಾರೆ. ಕೆಲವು ವಾರಗಳ ಬಳಿಕ ತಿರಸ್ಕಾರದ ಪತ್ರ ಬರುತ್ತದೆ. ಆಮೇಲೆ ಆ ಅರ್ಜಿ ಜಮಾಅತ್ ಕಮಿಟಿಯ ಮುಂದೆ ಬರುತ್ತದೆ.

ಈ ವಿಷಯದಲ್ಲಿ ಓದುಗರು ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ನಮ್ಮ ಮಾತಿನ ಸಾರ ಇಷ್ಟು: ಯಂತ್ರ ಕೊಳ್ಳುವ ಮೊದಲು ಎರಡು ಕಾಗದಗಳನ್ನು ನೋಡಬೇಕು. ಒಂದು, ರೋಗಿಯ ರಕ್ತದಲ್ಲಿರುವ ಆಮ್ಲಜನಕದ ಅಳತೆಯ ವರದಿ. ಇನ್ನೊಂದು, ಪಾಲಿಸಿ ಪುಸ್ತಕದ ಕೊನೆಯ ಪುಟಗಳು.

ಯಾರಿಗೆ ಮನೆಯ ಆಕ್ಸಿಜನ್ ಬೇಕು?

ಉಸಿರು ಕಟ್ಟಿದಂತಾಗುವ ಎಲ್ಲರಿಗೂ ಆಕ್ಸಿಜನ್ ಬೇಕಾಗಿರುವುದಿಲ್ಲ. ವೈದ್ಯಶಾಸ್ತ್ರ ಇದಕ್ಕೆ ಒಂದು ಅಂಕಿ ಇಟ್ಟಿದೆ. ರೋಗಿ ವಿಶ್ರಾಂತಿಯಲ್ಲಿ ಕುಳಿತು, ಆಕ್ಸಿಜನ್ ನಳಿಗೆ ತೆಗೆದು, ಸಾಮಾನ್ಯ ಗಾಳಿಯನ್ನು ಉಸಿರಾಡುತ್ತಿರುವಾಗ ಬೆರಳಿನ ಆಕ್ಸಿಮೀಟರ್ 88 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಇಲ್ಲವೇ ಅಪಧಮನಿಯ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆಯಲ್ಲಿ ಆಮ್ಲಜನಕದ ಒತ್ತಡ 55 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಒತ್ತಡ 56ರಿಂದ 59ರ ನಡುವೆ ಇದ್ದು, ಜೊತೆಗೆ ಹೃದಯದ ಬಲಭಾಗಕ್ಕೆ ತೊಂದರೆ, ಕಾಲು ಬಾವು, ಅಥವಾ ರಕ್ತ ಗಟ್ಟಿಯಾಗಿರುವ ಲಕ್ಷಣ ಇದ್ದರೂ ವೈದ್ಯರು ಆಕ್ಸಿಜನ್ ಬರೆಯುತ್ತಾರೆ.

ಈ ಅಂಕಿ ಸುಮ್ಮನೆ ಬಂದದ್ದಲ್ಲ. 1980ರಲ್ಲಿ ಅಮೆರಿಕದಲ್ಲಿ ಮತ್ತು 1981ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಇಷ್ಟು ಕೆಳಗಿಳಿದ ಸಿಒಪಿಡಿ ರೋಗಿಗಳು ದಿನಕ್ಕೆ 15 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಆಕ್ಸಿಜನ್ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಎಂದು ತೋರಿಸಿದವು. 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಆಮ್ಲಜನಕ ಸಾಧಾರಣವಾಗಿ ಮಾತ್ರ ಕಡಿಮೆ ಇರುವ 738 ರೋಗಿಗಳನ್ನು ಗಮನಿಸಿತು. ಅವರಲ್ಲಿ ಆಕ್ಸಿಜನ್ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಆಯುಸ್ಸಿನಲ್ಲಾಗಲೀ ಆಸ್ಪತ್ರೆ ಸೇರುವುದರಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿಜವಾಗಿ ಬೇಕಾದವರಿಗೆ ಇದು ಜೀವ ಉಳಿಸುವ ಚಿಕಿತ್ಸೆ, ಬೇಡದವರಿಗೆ ದುಡ್ಡಿನ ಹೊರೆ ಮಾತ್ರ.

ಮನೆಯ ಆಕ್ಸಿಮೀಟರನ್ನು ಪೂರ್ತಿ ನಂಬುವಂತಿಲ್ಲ. ಬೆರಳು ತಣ್ಣಗಿದ್ದರೆ, ಉಗುರುಬಣ್ಣ ಅಥವಾ ಕಪ್ಪು ಮೆಹಂದಿ ಇದ್ದರೆ ಅಂಕಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಆದ್ದರಿಂದ ಬಿಡುಗಡೆಗೆ ಮೊದಲು ಎಬಿಜಿ ಮಾಡಿಸಿ ಅದರ ವರದಿಯನ್ನು ಕೈಗೆ ಕೇಳಿ ಪಡೆಯಿರಿ.

ಖಾಸಗಿ ಆರೋಗ್ಯ ವಿಮೆ

ನಮ್ಮಲ್ಲಿ ಹೆಚ್ಚಿನ ಆರೋಗ್ಯ ವಿಮೆಗಳು ಆಸ್ಪತ್ರೆವಾಸಕ್ಕೆ ಮಾಡಿದವು. ವಾರ್ಡಿನಲ್ಲಿ ಅಥವಾ ಐಸಿಯುನಲ್ಲಿ ಕೊಟ್ಟ ಆಕ್ಸಿಜನ್ನಿಗೆ ಅವು ಹಣ ಕೊಡುತ್ತವೆ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಲೆಕ್ಕ ಬೇರೆ.

ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2020ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ 68 ವಸ್ತುಗಳ ಒಂದು ಪಟ್ಟಿ ಇದೆ. ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸದ ಹೊರತು ಇವಕ್ಕೆ ಹಣ ಸಿಗುವುದಿಲ್ಲ. ಆಸ್ಪತ್ರೆಯ ಹೊರಗೆ ಬಳಸುವ ಆಕ್ಸಿಜನ್ ಸಿಲಿಂಡರ್, ನೆಬ್ಯುಲೈಸರ್ ಕಿಟ್, ಸ್ಪೇಸರ್, ನಡೆಯಲು ಆಸರೆಯಾಗುವ ಸಾಧನಗಳು, ಗಾಳಿ ಹಾಸಿಗೆ, ನೀರು ಹಾಸಿಗೆ, ಡಯಾಪರ್, ಖಾಸಗಿ ನರ್ಸಿನ ವೇತನ ಎಲ್ಲವೂ ಆ ಪಟ್ಟಿಯಲ್ಲಿವೆ. ನಿಮ್ಮ ಪಾಲಿಸಿ ಪುಸ್ತಕದ ಕೊನೆಯಲ್ಲಿ ಈ ಪಟ್ಟಿಯನ್ನು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಏಜೆಂಟ್ ಬಾಯಿಮಾತಿನಲ್ಲಿ ಏನೇ ಹೇಳಿರಲಿ, ನಡೆಯುವುದು ಅಲ್ಲಿ ಅಚ್ಚಾದ ಮಾತು.

ಹಾಗಾದರೆ ದಾರಿಯೇ ಇಲ್ಲವೇ? ಮೂರು ಕಡೆ ಹುಡುಕಿ ನೋಡಬೇಕು.

ಮೊದಲನೆಯದು, ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸುವ ಸೌಲಭ್ಯಗಳು. ಕೆಲವು ಹೊಸ ಪಾಲಿಸಿಗಳಲ್ಲಿ ಮನೆಯಲ್ಲಿ ಬಳಸುವ ವೈದ್ಯಕೀಯ ಉಪಕರಣಗಳಿಗೆಂದೇ ಒಂದು ಷರತ್ತು ಇರುತ್ತದೆ. ಅದರಲ್ಲಿ ಯಾವ ಯಂತ್ರಗಳು, ಎಷ್ಟು ಮೊತ್ತದವರೆಗೆ, ಎಷ್ಟು ಕಾಲ ಕಾದ ಮೇಲೆ ಎಂದು ಬರೆದಿರುತ್ತದೆ. "ಕನ್ಸ್ಯೂಮೆಬಲ್ಸ್" ಎಂಬ ಹೆಸರಿನ ಸೌಲಭ್ಯ ಬೇರೆ. ಅದು ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ಲಿನೊಳಗಿನ ಸಣ್ಣಪುಟ್ಟ ವಸ್ತುಗಳಿಗೆ ಸಂಬಂಧಿಸಿದ್ದು. ಇವೆರಡನ್ನೂ ಒಂದೇ ಎಂದು ತಿಳಿಯಬೇಡಿ.

ಎರಡನೆಯದು, "ಡೊಮಿಸಿಲಿಯರಿ" ಎಂಬ ಷರತ್ತು. ಆಸ್ಪತ್ರೆಯಲ್ಲೇ ಮಾಡಬೇಕಾದ ಚಿಕಿತ್ಸೆಯನ್ನು, ರೋಗಿಯನ್ನು ಸಾಗಿಸಲಾಗದ ಸ್ಥಿತಿ ಇರುವುದರಿಂದ ಅಥವಾ ಆಸ್ಪತ್ರೆಯಲ್ಲಿ ಜಾಗ ಇಲ್ಲದಿರುವುದರಿಂದ ಮನೆಯಲ್ಲೇ ಮಾಡಿದರೆ ಅದಕ್ಕೆ ಹಣ ಕೊಡುವ ಏರ್ಪಾಡು ಇದು. ವರ್ಷಗಟ್ಟಲೆ ತೆಗೆದುಕೊಳ್ಳುವ ಆಕ್ಸಿಜನ್ನಿಗೆ ಇದು ಹೊಂದುವುದಿಲ್ಲ. ಅಸ್ತಮಾ, ಬ್ರಾಂಕೈಟಿಸ್‌ನಂತಹ ಕಾಯಿಲೆಗಳನ್ನು ಹಲವು ಪಾಲಿಸಿಗಳು ಈ ಷರತ್ತಿನಿಂದ ಹೊರಗಿಟ್ಟಿವೆ.

ಮೂರನೆಯದು, ಬಿಡುಗಡೆಯ ನಂತರದ ಖರ್ಚು. ಬಹಳಷ್ಟು ಪಾಲಿಸಿಗಳಲ್ಲಿ ಬಿಡುಗಡೆಯಾಗಿ 60 ದಿನಗಳವರೆಗೆ, ಕೆಲವದರಲ್ಲಿ ಅದಕ್ಕೂ ಹೆಚ್ಚು ದಿನ, ಅದೇ ಕಾಯಿಲೆಯ ಔಷಧ, ಪರೀಕ್ಷೆ ಮತ್ತು ವೈದ್ಯರ ಶುಲ್ಕ ಸಿಗುತ್ತದೆ. ಯಂತ್ರದ ಬೆಲೆ ಇದರಲ್ಲಿ ಬರುವುದು ಅಪರೂಪ. ಆದರೆ ಮರುಪರೀಕ್ಷೆಯ ಎಬಿಜಿ ಮತ್ತು ತಜ್ಞರ ಭೇಟಿಯ ಬಿಲ್ಲನ್ನು ಇದರಡಿ ಕೇಳಬಹುದು. ಅನೇಕರು ಇದನ್ನು ಕೇಳುವುದೇ ಇಲ್ಲ.

ಕೊಲ್ಲಿಯಲ್ಲಿ ದುಡಿಯುವ ಮಕ್ಕಳು ಊರಿನಲ್ಲಿರುವ ತಂದೆತಾಯಿಗೆ ಪಾಲಿಸಿ ಮಾಡಿಸುವಾಗ ಒಂದು ಎಚ್ಚರಿಕೆ ಬೇಕು. ಹಳೆಯ ಉಬ್ಬಸ, ಕ್ಷಯ, ಬೀಡಿ ಸೇದುವ ಅಭ್ಯಾಸ ಇದ್ದರೆ ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟದ್ದು ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಹೊರಬಂದರೆ ಕ್ಲೇಮು ತಿರಸ್ಕಾರವಾಗುತ್ತದೆ, ಪಾಲಿಸಿಯೇ ರದ್ದಾಗಲೂಬಹುದು. ವೈದ್ಯರ ಮೇಲೆ ಒತ್ತಡ ತಂದು ಅಂಕಿಯನ್ನು ಕಡಿಮೆ ಬರೆಸುವುದೂ ಇದೇ ಬಗೆಯದು. ವಿಮೆಯ ಹಣ ಸಾವಿರಾರು ಜನರ ಪ್ರೀಮಿಯಂ. ಅದು ಅಮಾನತ್ತಿನ ಹಣ ಎಂಬುದನ್ನು ನಾವು ಮರೆಯಬಾರದು.

ಸರ್ಕಾರದ ಯೋಜನೆಗಳು

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಇದು ಕೂಡ ಆಸ್ಪತ್ರೆಯ ಚಿಕಿತ್ಸೆಗೆ. ತಿಂಗಳುಗಟ್ಟಲೆ ಮನೆಯಲ್ಲಿ ಓಡಬೇಕಾದ ಯಂತ್ರಕ್ಕೆ ಈ ಕಾರ್ಡನ್ನು ನಂಬಿ ಕೂರಬಾರದು.

ಕೇಂದ್ರ ಸರ್ಕಾರದ ನೌಕರರು ಮತ್ತು ಪಿಂಚಣಿದಾರರಿಗೆ ಇರುವ ಸಿಜಿಎಚ್‌ಎಸ್‌ನಲ್ಲಿ ಪರಿಸ್ಥಿತಿ ಭಿನ್ನ. ಅಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್, ಸಿಪ್ಯಾಪ್, ಬೈಪ್ಯಾಪ್ ಯಂತ್ರಗಳಿಗೆ ನಿಗದಿತ ಮಿತಿಯೊಳಗೆ ಹಣ ಸಿಗುತ್ತದೆ. ಅದಕ್ಕೆ ತಜ್ಞ ವೈದ್ಯರ ಶಿಫಾರಸು, ಪರೀಕ್ಷಾ ವರದಿ ಮತ್ತು ಅನುಮತಿ ಬೇಕು. ಮೊದಲು ಅನುಮತಿ, ಆಮೇಲೆ ಖರೀದಿ. ಈ ಕ್ರಮ ತಪ್ಪಿದರೆ ಹಣ ಸಿಗುವುದು ಕಷ್ಟ. ಮಾಜಿ ಸೈನಿಕರು ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಕೇಳಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿದ್ದು ಇಎಸ್‌ಐ ವಂತಿಗೆ ಕಟ್ಟುವ ಕಾರ್ಮಿಕರು ಇಎಸ್‌ಐ ಆಸ್ಪತ್ರೆಯ ತಜ್ಞರ ಮೂಲಕ ಬೇಡಿಕೆ ಇಡಬೇಕು. ಮಗ ಕಾರ್ಖಾನೆಯಲ್ಲಿದ್ದು ತಂದೆತಾಯಿ ಅವನನ್ನೇ ಅವಲಂಬಿಸಿದ್ದರೆ ಅವರ ಹೆಸರೂ ಇಎಸ್‌ಐನಲ್ಲಿ ಇದೆಯೇ ಎಂದು ನೋಡಿ.

ಗಾಲಿಕುರ್ಚಿ, ವಾಕರ್, ಊರುಗೋಲು ಬೇಕಾದ 60 ದಾಟಿದ ಬಡ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಈ ವಸ್ತುಗಳನ್ನು ಶಿಬಿರಗಳ ಮೂಲಕ ಉಚಿತವಾಗಿ ಕೊಡುತ್ತಾರೆ.

ಕೊಳ್ಳುವ ಮೊದಲು ಬಾಡಿಗೆಗೆ ತನ್ನಿ

ನ್ಯುಮೋನಿಯಾ ಅಥವಾ ಉಬ್ಬಸ ಜೋರಾಗಿ ಆಸ್ಪತ್ರೆ ಸೇರಿದವರಿಗೆ ಬಿಡುಗಡೆಯ ದಿನ ಆಕ್ಸಿಜನ್ ಕಡಿಮೆ ಇದ್ದರೂ, ವಾರಗಳು ಕಳೆದಂತೆ ಅನೇಕರಲ್ಲಿ ಅದು ಮೇಲೇರುತ್ತದೆ. ಆದ್ದರಿಂದ 60ರಿಂದ 90 ದಿನಗಳೊಳಗೆ ಮತ್ತೆ ಅಳೆಯಬೇಕು ಎಂಬುದು ತಜ್ಞರ ಸಲಹೆ. ಅಲ್ಲಿಯವರೆಗೆ ಬಾಡಿಗೆ ಯಂತ್ರ ಸಾಕು. ಮರುಪರೀಕ್ಷೆಯಲ್ಲೂ ಅಂಕಿ 88 ದಾಟದಿದ್ದರೆ ಆಗ ಕೊಳ್ಳುವ ಯೋಚನೆ ಮಾಡಿ. ವೈದ್ಯರನ್ನು ಕೇಳದೆ ನಿಲ್ಲಿಸುವುದಾಗಲೀ ಲೀಟರ್ ಪ್ರಮಾಣ ಏರಿಸುವುದಾಗಲೀ ಬೇಡ. ಕೆಲವು ಸಿಒಪಿಡಿ ರೋಗಿಗಳಿಗೆ ಹೆಚ್ಚಾದ ಆಕ್ಸಿಜನ್ ಕೂಡ ಅಪಾಯ.

ವಿದ್ಯುತ್ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಿ. 350 ವ್ಯಾಟಿನ ಯಂತ್ರ ದಿನಕ್ಕೆ 15 ಗಂಟೆ ಓಡಿದರೆ ತಿಂಗಳಿಗೆ ಸುಮಾರು 157 ಯೂನಿಟ್ ಆಗುತ್ತದೆ. ಮನೆಯ ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಗೃಹಜ್ಯೋತಿಯಲ್ಲಿದ್ದವರೂ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಕರೆಂಟ್ ಹೋದಾಗ ಬಳಸಲು ಒಂದು ಸಿಲಿಂಡರ್ ಕೂಡ ಬೇಕಾಗುತ್ತದೆ. ರೋಗಿಯ ಕೋಣೆಯಲ್ಲಿ ಬೀಡಿ, ಸಿಗರೇಟ್, ಲೋಬಾನ, ಊದುಬತ್ತಿ, ಒಲೆ ಯಾವುದೂ ಇರಕೂಡದು. ಆಕ್ಸಿಜನ್ ಇರುವಲ್ಲಿ ಸಣ್ಣ ಕಿಡಿಯೂ ಬೇಗ ಬೆಂಕಿಯಾಗುತ್ತದೆ.

ಕಡತದಲ್ಲಿ ಏನಿರಬೇಕು?

ಯಾವ ಯೋಜನೆಯಲ್ಲಿ ಕೇಳುವುದಾದರೂ ಈ ಕಾಗದಗಳು ಬೇಕು:

1. ಸಾಮಾನ್ಯ ಗಾಳಿಯಲ್ಲಿ ಅಳೆದದ್ದು ಎಂದು ಸ್ಪಷ್ಟವಾಗಿ ಬರೆದ, ದಿನಾಂಕವಿರುವ ಎಬಿಜಿ ಅಥವಾ ಆಕ್ಸಿಮೀಟರ್ ವರದಿ.
2. ಕಾಯಿಲೆಯ ಹೆಸರು ಇರುವ ಬಿಡುಗಡೆ ಪತ್ರ.
3. ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು ಎಂದು ತಜ್ಞರು ಬರೆದುಕೊಟ್ಟ ಚೀಟಿ. "ಆಕ್ಸಿಜನ್ ಬೇಕು" ಎಂಬ ಒಂದೇ ಸಾಲು ಸಾಲದು.
4. ಖರೀದಿ ಅಥವಾ ಬಾಡಿಗೆಯ ಜಿಎಸ್‌ಟಿ ಬಿಲ್, ಯಂತ್ರದ ಸೀರಿಯಲ್ ನಂಬರಿನೊಂದಿಗೆ.
5. ಕೊಳ್ಳುವ ಮೊದಲು ಕಂಪನಿಗೆ ಇಮೇಲಿನಲ್ಲಿ ಕೇಳಿದ ಪ್ರಶ್ನೆ ಮತ್ತು ಅವರ ಉತ್ತರ.

ತಿರಸ್ಕಾರವಾದರೆ

ಯಾವ ಷರತ್ತಿನಡಿ ತಿರಸ್ಕರಿಸಿದ್ದೀರಿ ಎಂದು ಲಿಖಿತ ಉತ್ತರ ಕೇಳಿ. ಆ ಷರತ್ತನ್ನು ಪಾಲಿಸಿಯಲ್ಲಿ ತೆರೆದು ಓದಿ. ಉಪಕರಣದ ಸೌಲಭ್ಯ ನಿಮ್ಮ ಪಾಲಿಸಿಯಲ್ಲಿ ಇಲ್ಲವೇ ಇಲ್ಲ ಎಂದಾದರೆ ಹೋರಾಟದಿಂದ ಫಲವಿಲ್ಲ. ಸೌಲಭ್ಯ ಇದ್ದೂ ಕೊಡದಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಕಂಪನಿ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ತಿರಸ್ಕಾರದ ದಿನದಿಂದ ಒಂದು ವರ್ಷದೊಳಗೆ ದೂರು ಕೊಡಬೇಕು.

ಜಮಾಅತ್‌ಗಳಿಗೆ ಒಂದು ಮಾತು

ಸಾಮಾನ್ಯ ಪಾಲಿಸಿಗಳು ಈ ಯಂತ್ರಕ್ಕೆ ಹಣ ಕೊಡುವುದಿಲ್ಲ ಎಂದಮೇಲೆ ಬಡ ಕುಟುಂಬಕ್ಕೆ ಉಳಿಯುವುದು ನೆರೆಹೊರೆಯ ಸಹಾಯ. ಕೋವಿಡ್ ಕಾಲದಲ್ಲಿ ಕೊಂಡ ಅಥವಾ ದಾನವಾಗಿ ಬಂದ ಕಾನ್ಸನ್‌ಟ್ರೇಟರ್‌ಗಳು ಮಸೀದಿಯ, ಸಂಘಸಂಸ್ಥೆಗಳ ಕೋಣೆಗಳಲ್ಲಿ ಧೂಳು ಹಿಡಿದು ಬಿದ್ದಿದ್ದರೆ ತಂತ್ರಜ್ಞರಿಂದ ಫಿಲ್ಟರ್ ಬದಲಿಸಿ, ಹೊರಬರುವ ಆಕ್ಸಿಜನ್ ಎಷ್ಟು ಶುದ್ಧವಿದೆ ಎಂದು ಅಳತೆ ಮಾಡಿಸಿ, ಮೂರು ತಿಂಗಳ ಲೆಕ್ಕದಲ್ಲಿ ಎರವಲು ಕೊಡಬಹುದು. ಕೊಡುವಾಗ ವೈದ್ಯರ ಚೀಟಿ ಮತ್ತು ಎಬಿಜಿ ವರದಿ ಕೇಳಿ. ಅದು ರೋಗಿಯ ಮೇಲಿನ ಅನುಮಾನವಲ್ಲ. ನಿಜವಾಗಿ ಬೇಕಾದವರಿಗೆ ಯಂತ್ರ ಸಿಗಬೇಕಾದರೆ ಅದೇ ದಾರಿ.

ರೋಗಿ ಸಂದರ್ಶನಕ್ಕೆ ಹೋಗುವ ಸಹೋದರ ಸಹೋದರಿಯರಲ್ಲೂ ನಮ್ಮದೊಂದು ವಿನಂತಿ. ಬಿಡುಗಡೆಯ ದಿನ ಹತ್ತಿರವಿದ್ದರೆ ಮನೆಯವರನ್ನು ಕೇಳಿ: "ಎಬಿಜಿ ವರದಿ ಕೈಗೆ ಸಿಕ್ಕಿತೇ? ಪಾಲಿಸಿಯ ಕೊನೆಯ ಪುಟ ನೋಡಿದಿರೇ?" ಓದಲು ಬಾರದವರಿದ್ದರೆ ಕುಳಿತು ಓದಿ ಹೇಳಿ.