ಸಹಿಗೆ ಮುನ್ನ ಸತ್ಯ

“ಫಾದರ್, ನನ್ನ ಮಗನಿಗೆ ಹೊಸ ಔಷಧ ಕೊಟ್ಟು ಪರೀಕ್ಷೆ ಮಾಡುತ್ತಾರಂತೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕಬಹುದೇ?” ವಾಸಿಯಾಗದ ಕರುಳಿನ ಉರಿಯೂತದಿಂದ ನರಳುವವರ ಮನೆಯವರು ನಮ್ಮನ್ನು ಹೀಗೆ ಕೇಳುವುದುಂಟು. ದೇಹವನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿಬೀಳುವ ವ್ಯಾಧಿಯಿದು. ರಕ್ತಭೇದಿ, ಹೊಟ್ಟೆನೋವುಗಳಿಂದ ರೋಗಿ ವರ್ಷಗಟ್ಟಲೆ ಸೊರಗುತ್ತಾನೆ. ಉರಿಯೂತವನ್ನು ಕೆರಳಿಸುವ ಟಿ.ಎನ್.ಎಫ್. ಎಂಬ ವಸ್ತುವನ್ನು ತಡೆಯುವುದು ಪ್ರತಿಕಾಯ ಚಿಕಿತ್ಸೆಯ ಒಂದು ಬಗೆ.

ಬೇರೆ ಔಷಧಗಳಿಗೆ ಮಣಿಯದ ಕ್ರೋನ್ ರೋಗವುಳ್ಳ 108 ಮಂದಿಯ ಮೇಲೆ ನಡೆದ ಪರೀಕ್ಷೆಯೊಂದರ ವರದಿ 1997ರಲ್ಲಿ ಪ್ರಕಟವಾಯಿತು. ಇನ್‌ಫ್ಲಿಕ್ಸಿಮಾಬ್ ಎಂಬ ಪ್ರತಿಕಾಯ ಪಡೆದವರಲ್ಲಿ ಶೇ. 65 ಮಂದಿ ನಾಲ್ಕು ವಾರಗಳಲ್ಲಿ ಚೇತರಿಸಿಕೊಂಡರು. ಔಷಧವಿಲ್ಲದ ದ್ರವ ಪಡೆದವರಲ್ಲಿ ಶೇ. 17 ಮಾತ್ರ. ಯಾರಿಗೆ ಯಾವುದು ಸಂದಿತೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಇದು ವಂಚನೆಯಲ್ಲವೇ? ಮೊದಲೇ ಬಿಚ್ಚಿ ಹೇಳಿ ಒಪ್ಪಿಗೆ ಪಡೆದಿದ್ದರೆ ಅಲ್ಲ. ರೋಗಿಯು ತಾನಾಗಿ ಕೊಟ್ಟಷ್ಟೇ ಅಧಿಕಾರ ವೈದ್ಯನಿಗಿದೆಯೆಂದು ಪೋಪ್ ಹನ್ನೆರಡನೆಯ ಪಯಸ್ಸರು 1952ರಲ್ಲಿಯೇ ಬೋಧಿಸಿದ್ದರು. ಮನುಷ್ಯನು ಜ್ಞಾನಾರ್ಜನೆಯ ಉಪಕರಣವಲ್ಲ.

ಆದರೆ ಸತ್ಯದ ಋಣ ರೋಗಿಯ ಮೇಲೂ ಇದೆ. ದೇಹದಲ್ಲಿ ಸುಪ್ತವಾಗಿರುವ ಕ್ಷಯದ ಕ್ರಿಮಿಗಳನ್ನು ಕಟ್ಟಿಹಾಕಿರುವುದೂ ಇದೇ ಟಿ.ಎನ್.ಎಫ್. ಅದನ್ನು ತಡೆದರೆ ಕಟ್ಟು ಸಡಿಲವಾಗುತ್ತದೆ. ಇನ್‌ಫ್ಲಿಕ್ಸಿಮಾಬ್ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ 2001ರಲ್ಲಿ ಬಂದಿತು. ಆದುದರಿಂದಲೇ ಈಗ ಚಿಕಿತ್ಸೆಗೆ ಮುನ್ನ ಕ್ಷಯದ ತಪಾಸಣೆ ಕಡ್ಡಾಯವೆನ್ನುತ್ತಾರೆ.

ಕೋರಮಂಡಲ್, ಚಾಂಪಿಯನ್ ರೀಫ್‌ಗಳ ಮನೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 1940ರಿಂದ 1946ರವರೆಗೆ ಇಲ್ಲಿ ತಪಾಸಣೆಗೊಳಗಾದ ಏಳೂವರೆ ಸಾವಿರದಷ್ಟು ಗಣಿ ಕಾರ್ಮಿಕರಲ್ಲಿ ಮೂರು ಸಾವಿರಕ್ಕೂ ಮಿಕ್ಕವರಿಗೆ ಸಿಲಿಕೋಸಿಸ್ ಇತ್ತು. ಕಲ್ಲಿನ ಧೂಳು ತುಂಬಿದ ಶ್ವಾಸಕೋಶಕ್ಕೆ ಕ್ಷಯ ಬೇಗನೆ ತಗಲುತ್ತದೆ. 2001ರಲ್ಲಿ ಗಣಿ ಮುಚ್ಚಿತು. ಕೆಮ್ಮುತ್ತಾ ಮಲಗಿದ್ದ ತಂದೆ, ತಾತಂದಿರ ನೆನಪು ಮುಚ್ಚಿಲ್ಲ. ಆದರೂ ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ “ನಮ್ಮ ಮನೆಯಲ್ಲಿ ಟಿ.ಬಿ. ಇರಲಿಲ್ಲ” ಎಂದುಬಿಡುತ್ತೇವೆ. ಈ ಒಂದು ಸುಳ್ಳು ರೋಗಿಯ ಪ್ರಾಣಕ್ಕೇ ಕುತ್ತಾಗಬಹುದು.

ಆ ತಾಯಿಗೆ ನಾವು ಹೇಳುವುದಿಷ್ಟೇ: ಮನೆಯಲ್ಲಿ ಯಾರಿಗೆ ಕ್ಷಯವಿತ್ತೆಂದು ಮರೆಮಾಚದೆ ತಿಳಿಸಿರಿ. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ. ಅದನ್ನು ಕೇಳಿ ತಿಳಿದುಕೊಳ್ಳಿರಿ. ಯಾವಾಗ ಬೇಕಾದರೂ ಹಿಂದೆ ಸರಿಯುವ ಸ್ವಾತಂತ್ರ್ಯ ರೋಗಿಗಿದೆ. ಮಗನು ಪ್ರಾಪ್ತವಯಸ್ಕನಾಗಿದ್ದರೆ ನಿರ್ಧಾರವೂ ಸಹಿಯೂ ಅವನವೇ. ಇಷ್ಟೆಲ್ಲ ಅರಿತು ಹಾಕಿದ ಸಹಿ, ತನ್ನಂತೆ ನರಳುವ ಕಾಣದ ಸೋದರನಿಗೆ ಅವನು ನೀಡುವ ದಾನವೂ ಆದೀತು.