ತೋಟದ ಮನೆಯ ಅತಿಥಿಗಳು

ರಜಾದಿನಗಳು ಸಮೀಪಿಸಿದಂತೆ ಮನೆಮನೆಗಳಲ್ಲಿ ಪ್ರವಾಸದ ಮಾತು ಏಳುವುದು ಸಹಜ. ಇತ್ತೀಚಿನ ವರ್ಷಗಳಲ್ಲಿ ಅನೇಕ ಕುಟುಂಬಗಳು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಮನೆಗಳನ್ನು ಆರಿಸಿಕೊಳ್ಳುತ್ತಿವೆ. ರಾತ್ರಿಯ ವಾಸ, ಬೆಳಗಿಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮನೆಯವರೊಡನೆ ನಾಲ್ಕು ಮಾತು: ಇದನ್ನೇ ನಾವು ಹೋಂಸ್ಟೇ ಎಂದು ಕರೆಯುತ್ತೇವೆ.

ಈ ಪದ್ಧತಿಯ ಹಿಂದೆ ಬೆಳೆಗಾರರ ಸಂಕಷ್ಟವೂ ಇದೆ. ದಶಕಗಳ ಕಾಲ ಕಾಫಿ ಮಂಡಳಿಯೇ ಬೆಳೆಯನ್ನು ಸಂಗ್ರಹಿಸಿ ಮಾರುತ್ತಿತ್ತು. 1996ರಲ್ಲಿ ಬೆಳೆಗಾರನಿಗೆ ಪೂರ್ಣ ಮಾರಾಟ ಸ್ವಾತಂತ್ರ್ಯ ಲಭಿಸಿತು. ಆದರೆ 2000ದ ಆಸುಪಾಸಿನಲ್ಲಿ ಜಾಗತಿಕ ಬೆಲೆ ಕುಸಿದಾಗ ಆ ಹೊಡೆತವನ್ನು ಅವನು ಒಬ್ಬನೇ ತಾಳಬೇಕಾಯಿತು. ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದುದರಿಂದ ಕೆಲವರಿಗೆ ತೋಟವನ್ನು ಉಳಿಸಿಕೊಳ್ಳುವ ಆಸರೆ ದೊರೆಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತೋಟಕ್ಕಾಗಿ ಅತಿಥಿಯೋ, ಅತಿಥಿಗಾಗಿ ತೋಟವೋ? ಇಟಲಿ ದೇಶವು 1985ರಲ್ಲಿಯೇ ಕೃಷಿಕರ ಆತಿಥ್ಯಕ್ಕೆಂದು ಕಾನೂನು ರೂಪಿಸಿ, 2006ರಲ್ಲಿ ಅದನ್ನು ನವೀಕರಿಸಿತು. ಕೃಷಿಯೇ ಪ್ರಧಾನ, ಆತಿಥ್ಯ ಅದಕ್ಕೆ ಪೂರಕ ಎಂಬುದು ಅದರ ತಿರುಳು. ತತ್ತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಸಾಧನವು ಗುರಿಯ ಸ್ಥಾನವನ್ನು ಆಕ್ರಮಿಸಬಾರದು. ಕೋಣೆಯ ಬಾಡಿಗೆಯು ಫಸಲನ್ನು ಮೀರಿದಾಗ, ಗಿಡಗಳನ್ನು ಕಡಿದು, ಇಳಿಜಾರನ್ನು ಅಗೆದು, ಕಟ್ಟಡ ಎಬ್ಬಿಸುವ ಆಸೆ ಹುಟ್ಟುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡ ನಾವು, ಮಣ್ಣಿನ ತಾಳ್ಮೆಗೂ ಮಿತಿಯಿದೆ ಎಂಬುದನ್ನು ಮರೆಯಲಾಗದು.

ಈ ಆಯ್ಕೆಯ ಭಾರ ಬೆಳೆಗಾರನ ಮೇಲೆ ಮಾತ್ರವಿಲ್ಲ. ಈಜುಕೊಳ, ರಾತ್ರಿಯ ಅಬ್ಬರದ ಸಂಗೀತ ಬೇಕೆಂದು ಹಟ ಹಿಡಿಯುವವರು ನಾವೇ ಆದರೆ, ತೋಟವು ವಿಹಾರಧಾಮವಾಗುವುದಕ್ಕೆ ನಾವೂ ಹೊಣೆಗಾರರು. ಡಿಸೆಂಬರ್, ಜನವರಿಗಳಲ್ಲಿ ಹೋದರೆ ಅದು ಕೊಯ್ಲಿನ ಕಾಲ. ಆತಿಥೇಯರು ಮುಂಜಾನೆಯೇ ತೋಟಕ್ಕೆ ಹೊರಟಾರು, ಉಪಾಹಾರ ತುಸು ತಡವಾದೀತು. ಕಣದಲ್ಲಿ ಒಣಗಲು ಹರವಿದ ಕಾಫಿಯನ್ನು ಮಕ್ಕಳು ತುಳಿಯದಂತೆ ನೋಡಿಕೊಳ್ಳೋಣ. ಹೂಮಳೆಯ ನಂತರ ಮಲ್ಲಿಗೆಯಂತೆ ಅರಳುವ ಕಾಫಿ ಹೂವನ್ನು ದೂರದಿಂದಲೇ ನೋಡಿ ಆನಂದಿಸೋಣ. ಒಂದು ರೆಂಬೆಯ ಹೂ ಉದುರಿದರೆ ಅಷ್ಟು ಫಸಲು ಹೋದಂತೆ. ಕಾಯಿ ಕೊಯ್ಯುವ ಕಾರ್ಮಿಕರ ಛಾಯಾಚಿತ್ರ ತೆಗೆಯುವ ಮುನ್ನ ಅವರ ಅನುಮತಿ ಕೇಳೋಣ. ಅವರಲ್ಲಿ ಕೆಲವರು ದೂರದ ಅಸ್ಸಾಮಿನಿಂದ ದುಡಿಮೆಗಾಗಿ ಬಂದವರು.

ಬೆಳಗಿನ ಒಂದು ಲೋಟ ಕಾಫಿಯ ಹಿಂದೆ ಎಷ್ಟು ಕೈಗಳಿವೆ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡು ಬಂದರೆ, ಆ ಪ್ರವಾಸದ ಖರ್ಚು ಸಾರ್ಥಕವೆಂದು ನಾವು ಭಾವಿಸುತ್ತೇವೆ.