ಹತ್ತು ಡಾಲರಿನ ಚಿತ್ರಕಥೆ

ಚಲಚ್ಚಿತ್ರವನ್ನು ನೋಡಿ ಬಂದವರು ನಟನಟಿಯರನ್ನು ಕೊಂಡಾಡುವರು. ಕೆಲವರು ನಿರ್ದೇಶಕನನ್ನೂ ನೆನೆಯುವರು. ಅದನ್ನು ಬರೆದವನನ್ನು ಸ್ಮರಿಸುವವರು ವಿರಳ. 1930ರ ದಶಕದ ಹಾಲಿವುಡ್‌ನಲ್ಲಿ ಲೇಖಕನಿಗೆ ವೇತನ ಧಾರಾಳವಾಗಿ ದೊರೆಯುತ್ತಿತ್ತು. ಅಧಿಕಾರ ಮಾತ್ರ ಇರಲಿಲ್ಲ. ಒಬ್ಬನು ಬರೆದುದನ್ನು ಮತ್ತೊಬ್ಬನು ತಿದ್ದುವನು, ಕೊನೆಗೆ ನಿರ್ದೇಶಕನು ತನಗೆ ತೋಚಿದಂತೆ ಚಿತ್ರಿಸುವನು. ತಾನು ಬರೆದುದನ್ನು ತಾನೇ ತೆರೆಗೆ ತರುವೆನೆಂದು ಹಟ ಹಿಡಿದು ಗೆದ್ದವನು ಪ್ರೆಸ್ಟನ್ ಸ್ಟರ್ಜಸ್.

ಸ್ಟರ್ಜಸ್ 1898ರ ಆಗಸ್ಟ್ 29ರಂದು ಅಮೆರಿಕೆಯ ಶಿಕಾಗೋ ನಗರದಲ್ಲಿ ಜನಿಸಿದನು. ತಾಯಿ ಮೇರಿ ಡೆಸ್ಟಿ ಪ್ರಖ್ಯಾತ ನರ್ತಕಿ ಇಸಡೋರಾ ಡಂಕನ್ನಳ ಆಪ್ತ ಗೆಳತಿ. ಕಲೆಯ ಹುಚ್ಚು ಹಿಡಿದಿದ್ದ ಆಕೆಯೊಂದಿಗೆ ಬಾಲಕನು ಯೂರೋಪಿನಲ್ಲಿ ಬೆಳೆದನು. ಮಲತಂದೆ ಸಾಲೊಮನ್ ಸ್ಟರ್ಜಸ್ ಶಿಕಾಗೋದ ಷೇರು ವ್ಯಾಪಾರಿ. ತಾಯಿಯಿಂದ ಕಲೆ, ತಂದೆಯಿಂದ ವ್ಯವಹಾರ: ಈ ಎರಡು ಸೆಳೆತಗಳು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಯೌವನದಲ್ಲಿ ಅವನು ತಾಯಿಯ ಸೌಂದರ್ಯ ಸಾಧನಗಳ ವ್ಯಾಪಾರವನ್ನು ನೋಡಿಕೊಂಡನು. ಮೂವತ್ತರ ಹೊಸ್ತಿಲಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ನಾಟಕರಚನೆಯತ್ತ ಅವನ ಮನಸ್ಸು ಹರಿಯಿತು. 1929ರಲ್ಲಿ ನ್ಯೂಯಾರ್ಕಿನಲ್ಲಿ ರಂಗವೇರಿದ 'ಸ್ಟ್ರಿಕ್ಟ್‌ಲಿ ಡಿಸಾನರಬಲ್' 557 ಪ್ರದರ್ಶನಗಳನ್ನು ಕಂಡಿತು. ಮುಂದಿನ ನಾಟಕಗಳಿಗೆ ಆ ಭಾಗ್ಯವಿರಲಿಲ್ಲ. ಅವನು ಹಾಲಿವುಡ್‌ಗೆ ನಡೆದನು.

ಅಲ್ಲಿ ಹಲವು ವರ್ಷ ಪರರಿಗಾಗಿ ಬರೆದು ಬೇಸತ್ತ ಸ್ಟರ್ಜಸ್, ಪ್ಯಾರಮೌಂಟ್ ಸಂಸ್ಥೆಯ ಮುಂದೆ ಒಂದು ವಿಚಿತ್ರ ಬೇಡಿಕೆಯನ್ನಿಟ್ಟನು. 'ದಿ ಗ್ರೇಟ್ ಮೆಕ್‌ಗಿಂಟಿ' ಎಂಬ ತನ್ನ ಚಿತ್ರಕಥೆಯನ್ನು ಕೇವಲ ಹತ್ತು ಡಾಲರಿಗೆ ಕೊಡುವೆನು; ಆದರೆ ನಿರ್ದೇಶನ ತನ್ನದೇ ಆಗಬೇಕು! ಸಂಸ್ಥೆ ಒಪ್ಪಿತು. ಕಥೆಯೂ ಸ್ವಾರಸ್ಯಕರವಾದುದೇ. ಚುನಾವಣೆಯ ದಿನ ಮತಕ್ಕೆ ಎರಡು ಡಾಲರಿನಂತೆ ಮೂವತ್ತೇಳು ಬಾರಿ ಕಳ್ಳಮತ ಹಾಕಿದ ಅಲೆಮಾರಿಯೊಬ್ಬನು ಭ್ರಷ್ಟರ ಕೃಪೆಯಿಂದ ರಾಜ್ಯದ ಗವರ್ನರನಾಗುವನು. ಅಷ್ಟು ಎತ್ತರಕ್ಕೆ ಏರಿದವನು ಹಾಳಾಗುವುದು ಪ್ರಾಮಾಣಿಕನಾಗಲು ಹೊರಟ ಕ್ಷಣದಲ್ಲಿ! 1940ರಲ್ಲಿ ತೆರೆಕಂಡ ಈ ಚಿತ್ರ ಅವನಿಗೆ ಆಸ್ಕರ್ ಪ್ರಶಸ್ತಿಯನ್ನು ತಂದಿತು. ಸ್ವತಂತ್ರ ಚಿತ್ರಕಥೆಗೆಂದು ಮೊಟ್ಟಮೊದಲು ನೀಡಲಾದ ಪ್ರಶಸ್ತಿ ಅದು. ಬೇಗನೆ ಜಾನ್ ಹ್ಯೂಸ್ಟನ್, ಬಿಲ್ಲಿ ವೈಲ್ಡರ್ ಮೊದಲಾದ ಲೇಖಕರೂ ಹಾಲಿವುಡ್‌ನಲ್ಲಿ ನಿರ್ದೇಶಕರಾದರು.

ಮುಂದಿನ ನಾಲ್ಕು ವರ್ಷಗಳಲ್ಲಿ ಸ್ಟರ್ಜಸ್ ಒಂದರ ಮೇಲೊಂದರಂತೆ ಹಾಸ್ಯಚಿತ್ರಗಳನ್ನು ರಚಿಸಿದನು. ಅವುಗಳಲ್ಲಿ 'ಸಲಿವನ್ಸ್ ಟ್ರಾವೆಲ್ಸ್' ಗಮನಾರ್ಹ. ಹಾಸ್ಯಚಿತ್ರಗಳಿಂದ ಬೇಸತ್ತ ನಿರ್ದೇಶಕನೊಬ್ಬನು ಬಡತನವನ್ನು ಅರಿಯಲು ಭಿಕಾರಿಯ ವೇಷದಲ್ಲಿ ಹೊರಟು, ಕೊನೆಗೆ ನಿಜವಾಗಿಯೇ ಸೆರೆ ಸೇರುವನು. ಬಡ ಕಪ್ಪುಜನರ ಇಗರ್ಜಿಯೊಂದರಲ್ಲಿ ವ್ಯಂಗ್ಯಚಿತ್ರ ತೋರಿಸುತ್ತಾರೆ. ಸಂಕೋಲೆ ತೊಟ್ಟ ಕೈದಿಗಳು ಬಿದ್ದು ಬಿದ್ದು ನಗುತ್ತಾರೆ. ತಾನೂ ನಗುತ್ತಿರುವುದು ಆ ನಿರ್ದೇಶಕನ ಅರಿವಿಗೆ ಬರುತ್ತದೆ.

ಆದರೆ ಗೆಲವು ಬಹುಕಾಲ ನಿಲ್ಲಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಈಥರಿನ ಬಳಕೆಯನ್ನು ಲೋಕಕ್ಕೆ ತೋರಿದ ದಂತವೈದ್ಯ ಮಾರ್ಟನ್ನನ ಚಿತ್ರವನ್ನು ಸಂಸ್ಥೆಯವರು ಅವನ ಇಚ್ಛೆಗೆ ವಿರುದ್ಧವಾಗಿ ಕತ್ತರಿಸಿ, ಸನ್ನಿವೇಶಗಳ ಕ್ರಮವನ್ನೇ ಬದಲಿಸಿ 1944ರಲ್ಲಿ ಬಿಡುಗಡೆ ಮಾಡಿದರು. ಯಾವುದಕ್ಕೆ ಹೆದರಿ ಅವನು ಹತ್ತು ಡಾಲರಿನ ಒಪ್ಪಂದ ಮಾಡಿಕೊಂಡಿದ್ದನೋ ಅದೇ ನಡೆದುಹೋಯಿತು. ಅಷ್ಟರಲ್ಲಿ ಅವನು ಪ್ಯಾರಮೌಂಟನ್ನು ತೊರೆದಿದ್ದನು. ಧನಿಕ ಹೊವಾರ್ಡ್ ಹ್ಯೂಸ್‌ನೊಡನೆ ಕೂಡಿ ಕಟ್ಟಿದ ಸಂಸ್ಥೆ ಮುರಿಯಿತು. ತಾನೇ ತೆರೆದ ಉಪಾಹಾರಮಂದಿರವು ಸಂಪಾದನೆಯನ್ನು ನುಂಗಿತು. ಅವನ ಕೊನೆಯ ಚಿತ್ರ 1955ರಲ್ಲಿ ಫ್ರಾನ್ಸಿನಲ್ಲಿ ತಯಾರಾಯಿತು.

1959ರ ಆಗಸ್ಟ್ 6ರಂದು ನ್ಯೂಯಾರ್ಕಿನ ಆಲ್ಗಾಂಕ್ವಿನ್ ಹೋಟೆಲಿನಲ್ಲಿ ಸ್ಟರ್ಜಸ್ ಹೃದಯಾಘಾತದಿಂದ ಮರಣ ಹೊಂದಿದನು. ಆಗ ಅವನು ಆತ್ಮಕಥೆಯನ್ನು ಬರೆಯುತ್ತಿದ್ದನು. ಉಳಿದ ಬರಹಗಳನ್ನು ಪತ್ನಿ ಜೋಡಿಸಿದಳು. ಪುಸ್ತಕ 1990ರಲ್ಲಿ ಪ್ರಕಟವಾಯಿತು.